ಬೆರಳಿಗೆರಡು ಮನೆ

"ಕೈ ಇಡಿ, ನೋಡೋಣ" ಎಂದರು ಟೀಚರ್. ಇಟ್ಟೆ. ಎಂಟು ಬೆರಳು ಎಂಟು ಬಿಳಿ ಮನೆಗಳ ಮೇಲೆ ಸಾಲಾಗಿ ಕುಳಿತವು. ಎರಡು ಹೆಬ್ಬೆರಳು ಮಾತ್ರ ಕೀಬೋರ್ಡಿನ ಅಂಚಿನಿಂದ ಈಚೆ, ಗಾಳಿಯಲ್ಲಿ ನಿಂತಿದ್ದವು. ಟೀಚರ್ ನನ್ನ ಕೈ ನೋಡಿದರು, ಮುಖ ನೋಡಿದರು, "ಎಷ್ಟು ವರ್ಷದಿಂದ ಟೈಪಿಂಗ್ ಕೆಲಸ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಕೆಲಸದ ಸುದ್ದಿಯನ್ನೇ ಎತ್ತಿರಲಿಲ್ಲ. ಹೆಬ್ಬೆರಳು ಹೇಳಿಬಿಟ್ಟಿತ್ತು.

ಮಸ್ಕತ್ತಿನ ರೂವಿಯಲ್ಲಿ ಅಂಗಡಿ ಸಾಲಿನ ಹಿಂದಿನ ಕಟ್ಟಡದ ಮೂರನೇ ಮಹಡಿಯಲ್ಲಿ ಅವರ ಮನೆ. ಕೋಟ್ಟಯಂ ಕಡೆಯವರು. ಶುಕ್ರವಾರ ಬೆಳಿಗ್ಗೆ ಶುರುಮಾಡಿ ಜುಮ್ಮಾ ನಮಾಜಿನ ಹೊತ್ತಿನವರೆಗೆ ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತಾರೆ. ಆ ಮಕ್ಕಳ ನಡುವೆ ಐವತ್ತು ದಾಟಿದ ವಿದ್ಯಾರ್ಥಿ ನಾನೊಬ್ಬನೇ. ನಮ್ಮ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರು ನಿವೃತ್ತರಾಗಿ ಊರಿಗೆ ಹೊರಟು ನಿಂತಿದ್ದರು. ಇನ್ನು ಪೆಟ್ಟಿಗೆಗೆ ಯಾರು ಎಂಬ ಮಾತು ಬಂದಾಗ ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. "ನಿಮಗೆ ಟೈಪಿಂಗ್ ಬರ್ತದಲ್ಲ ಮಾರಾಯ್ರೆ, ಬೆರಳು ಓಡ್ತದೆ. ಇದೂ ಅಂಥದ್ದೇ ಅಲ್ವಾ?"

ಇದೂ ಅಂಥದ್ದೇ ಹೌದೇ? ಎರಡು ವರ್ಷದಿಂದ ನನ್ನ ಹತ್ತು ಬೆರಳುಗಳ ಮೇಲೆಯೇ ಈ ಪ್ರಶ್ನೆಯನ್ನು ಪರೀಕ್ಷಿಸುತ್ತ ಬಂದಿದ್ದೇನೆ. ಗಲ್ಫಿನಲ್ಲಿ ನನ್ನಂಥವರು ಬಹಳ ಮಂದಿ. 1970ರಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದ ಮೇಲೆ ಒಮಾನಿನಲ್ಲಿ ಕಚೇರಿ, ಬ್ಯಾಂಕು, ಬಂದರು, ಆಸ್ಪತ್ರೆಗಳು ಒಂದೊಂದಾಗಿ ಎದ್ದವು. ಪ್ರತಿ ಕಚೇರಿಗೂ ಟೈಪಿಸ್ಟ್ ಬೇಕಿತ್ತು. ಕರಾವಳಿಯ ಊರೂರಿನ ಬೆರಳಚ್ಚು ಶಾಲೆಗಳಲ್ಲಿ ಜೂನಿಯರ್, ಸೀನಿಯರ್ ಪಾಸಾದ ಹುಡುಗರಿಗೆ ಆ ಪ್ರಮಾಣಪತ್ರವೇ ಪಾಸ್‌ಪೋರ್ಟಿನ ಜೊತೆಗೆ ಇನ್ನೊಂದು ಪಾಸ್‌ಪೋರ್ಟ್ ಆಯಿತು. ಅವರಲ್ಲಿ ಹಲವರಿಗೆ ಈಗ ಬಿಡುವಿದೆ, ಸಂಗೀತದ ಆಸೆಯಿದೆ, ಮನೆಯಲ್ಲಿ ಮಕ್ಕಳು ಬಿಟ್ಟುಹೋದ 61 ಮನೆಗಳ ಕೀಬೋರ್ಡೊಂದು ಮಂಚದ ಕೆಳಗೆ ಮಲಗಿದೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಂಟಿನ ಮಾತು. ಅಕ್ಷರದ ಕೀಲಿಮಣೆ ಹುಟ್ಟಿದ್ದೇ ಸಂಗೀತದ ಕೀಲಿಮಣೆಯ ಹೊಟ್ಟೆಯಲ್ಲಿ. 1855ರಲ್ಲಿ ಇಟಲಿಯ ಜುಸೆಪ್ಪೆ ರವಿಜ್ಜಾ ತನ್ನ ಬರೆಯುವ ಯಂತ್ರಕ್ಕೆ ಇಟ್ಟ ಹೆಸರಿನ ಅರ್ಥ 'ಬರೆಯುವ ಹಾರ್ಪ್ಸಿಕಾರ್ಡ್'. ಅದೇ ಕಾಲದಲ್ಲಿ ಅಕ್ಷರ ಮುದ್ರಿಸುವ ತಂತಿಯಂತ್ರ ಕಟ್ಟಿದ ಡೇವಿಡ್ ಹ್ಯೂಸ್ ಮೊದಲು ಸಂಗೀತದ ಮೇಷ್ಟರಾಗಿದ್ದವರು. ಅವರ ಯಂತ್ರಕ್ಕಿದ್ದದ್ದು ಪಿಯಾನೊದಂತೆಯೇ ಕರಿಬಿಳಿಯ 28 ಕೀಲಿ. ಇಂದಿನ ಕೀಲಿಮಣೆಯ ಮೂಲಪುರುಷ ಕ್ರಿಸ್ಟೊಫರ್ ಶೋಲ್ಸ್ ಮತ್ತು ಜೊತೆಗಾರರು 1868ರಲ್ಲಿ ಪೇಟೆಂಟ್ ಪಡೆದ ಮಾದರಿಯಲ್ಲೂ ಪಿಯಾನೊ ಥರದ ಕೀಲಿಗಳೇ ಇದ್ದವು. ಸಾಲುಸಾಲಾದ ಗುಂಡು ಕೀಲಿಗಳು ಬಂದದ್ದು ಆಮೇಲೆ. ಹಾಗಾಗಿ ಟೈಪಿಸ್ಟ್ ಸಂಗೀತದ ಕೀಬೋರ್ಡಿಗೆ ಹೋಗುವುದೆಂದರೆ ದೂರದ ಸಂಬಂಧಿಕರ ಮನೆಗೆ ಹೋದಂತೆ. ಮುಖಚಹರೆ ಪರಿಚಿತ, ಮನೆಯ ರೀತಿರಿವಾಜು ಬೇರೆ.

ಜೊತೆಗೆ ತಂದುಕೊಳ್ಳಬಹುದಾದ ಗಂಟು ಸಣ್ಣದಲ್ಲ. ಬೆರಳುಗಳನ್ನು ಒಂದೊಂದಾಗಿ, ಪಕ್ಕದ್ದನ್ನು ಎಳೆಯದೆ ಎತ್ತಿ ಇಳಿಸುವುದು ಟೈಪಿಸ್ಟನಿಗೆ ಗೊತ್ತು. ಹೊಸಬರಿಗೆ ತಿಂಗಳುಗಟ್ಟಲೆ ಕಾಡುವ ಉಂಗುರಬೆರಳು, ಕಿರುಬೆರಳು ಅವನಲ್ಲಿ ಆಗಲೇ ಪಳಗಿರುತ್ತವೆ. ಕಣ್ಣು ಕಾಗದದ ಮೇಲಿದ್ದಾಗ ಕೈ ತನ್ನಷ್ಟಕ್ಕೆ ಕೆಲಸ ಮಾಡುವ ಅಭ್ಯಾಸ ಎಲ್ಲಕ್ಕಿಂತ ದೊಡ್ಡ ಆಸ್ತಿ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಮಿಷಕ್ಕೆ ಸರಾಸರಿ 72 ಪದ ಟೈಪ್ ಮಾಡುವವರ ಮುಂದೆ ಅಕ್ಷರವಿಲ್ಲದ ಖಾಲಿ ಕೀಲಿಮಣೆಯ ಚಿತ್ರವಿಟ್ಟು ತುಂಬಲು ಹೇಳಿದರು. 26 ಅಕ್ಷರಗಳಲ್ಲಿ ಅವರು ಸರಿಯಾಗಿ ತುಂಬಿದ್ದು ಸರಾಸರಿ 15. ತಲೆಗೆ ಗೊತ್ತಿಲ್ಲದ್ದು ಬೆರಳಿಗೆ ಗೊತ್ತಿತ್ತು. ವಾದ್ಯ ನುಡಿಸುವವನ ವಿದ್ಯೆ ಕೊನೆಗೆ ಬಂದು ನೆಲೆಸುವುದೂ ಅಲ್ಲಿಯೇ. ಆ ದಾರಿಯಲ್ಲಿ ಒಮ್ಮೆ ನಡೆದವನಿಗೆ ಎರಡನೇ ಸಲ ಭಯ ಕಡಿಮೆ.

ಕುರುಡುಕೈಗೆ ಗುರುತು ಬೇಕಲ್ಲ? ಟೈಪಿಂಗಿನಲ್ಲಿ ಎಫ್ ಮತ್ತು ಜೆ ಕೀಲಿಗಳ ಮೇಲಿನ ಸಣ್ಣ ಉಬ್ಬುಗೆರೆ ಆ ಗುರುತು. ಇಲ್ಲಿನ ಸನದ್ ಕೇಂದ್ರಗಳಿಗೆ ವೀಸಾ, ವಾಹನದ ಕಾಗದಪತ್ರಕ್ಕೆಂದು ಹೋದಾಗ ಒಮಾನಿ ಹೆಣ್ಣುಮಕ್ಕಳು ಅರಬಿ ಅರ್ಜಿಗಳನ್ನು ಟೈಪ್ ಮಾಡುವ ವೇಗವನ್ನು ನಾನು ನಿಂತು ನೋಡುತ್ತೇನೆ. ಸಾಲು ಬಲದಿಂದ ಎಡಕ್ಕೆ ಹರಿದರೂ ತೋರುಬೆರಳುಗಳು ಕುಳಿತಿರುವುದು ಅದೇ ಎರಡು ಉಬ್ಬುಗೆರೆಗಳ ಮೇಲೆ. ಅರಬಿ ವಿನ್ಯಾಸದಲ್ಲಿ ಎಡದ್ದು 'ಬಾ' ಅಕ್ಷರ, ಬಲದ್ದು 'ತಾ'. ಕನ್ನಡದ ಕಿವಿಗೆ ಎಷ್ಟು ಹಿತವಾದ ಜೋಡಿ! ಸಂಗೀತದ ಕೀಬೋರ್ಡಿನಲ್ಲಿ ಉಬ್ಬುಗೆರೆಯ ಕೆಲಸವನ್ನು ಕರಿಮನೆಗಳು ಮಾಡುತ್ತವೆ. ಎರಡರ ಗುಂಪು, ಮೂರರ ಗುಂಪು, ಮತ್ತೆ ಎರಡು, ಮತ್ತೆ ಮೂರು. ಕಣ್ಣು ಮುಚ್ಚಿ ಎರಡರ ಗುಂಪನ್ನು ಮುಟ್ಟಿ ಎಡಕ್ಕೆ ಜಾರಿದರೆ ಸಿಗುವ ಬಿಳಿಮನೆಯೇ ನಮ್ಮ ಪೆಟ್ಟಿಗೆಯವರು 'ಬಿಳಿ ಒಂದು' ಎನ್ನುವುದು. ಇದನ್ನು ಟೀಚರ್ ಹೇಳಿಕೊಟ್ಟ ರಾತ್ರಿಯೇ ದೀಪ ಆರಿಸಿ ಹುಡುಕತೊಡಗಿದೆ. ಟೈಪಿಂಗ್ ಕಲಿತವರಿಗೆ ಇದು ಮೂರು ದಿನದ ಕೆಲಸ.

ಇನ್ನು ಅಳತೆ. ಒಂದು ದಿನ ಮಗಳ ಸ್ಕೇಲು ಹಿಡಿದು ಅಳೆದು ನೋಡಿದೆ. ಕಂಪ್ಯೂಟರಿನ ಒಂದು ಕೀಲಿಯಿಂದ ಪಕ್ಕದ ಕೀಲಿಗೆ ಸುಮಾರು 19 ಮಿಲಿಮೀಟರ್. ಸಂಗೀತದ ಬಿಳಿಮನೆಯ ಅಗಲ ಸುಮಾರು 23.5. ಟೈಪಿಂಗಿನ ನಡುಸಾಲಿನಲ್ಲಿ 'ಎ'ಯಿಂದ ಅರ್ಧವಿರಾಮದ ಕೀಲಿಯವರೆಗೆ ಹತ್ತು ಕೀಲಿ, ಅಂದರೆ 19 ಸೆಂಟಿಮೀಟರ್. ಕೀಬೋರ್ಡಿನಲ್ಲಿ ಮಧ್ಯ ಷಡ್ಜದಿಂದ ತಾರ ಷಡ್ಜದವರೆಗೆ ಎಂಟು ಬಿಳಿಮನೆ, ಅಂದರೆ 18.8 ಸೆಂಟಿಮೀಟರ್. ಮೂವತ್ತು ವರ್ಷ ನನ್ನ ಎರಡು ಕೈ ಸೇರಿ ವಾಸವಿದ್ದ ಮನೆಯ ಅಗಲವೇ ಇಲ್ಲಿ ಒಂದು ಸ್ಥಾಯಿ! ಅದನ್ನು ಒಂದೇ ಕೈ ನೋಡಿಕೊಳ್ಳಬೇಕು. ಅದೂ ಕುಳಿತಲ್ಲಿಂದಲ್ಲ. ಟೈಪಿಂಗಿನಲ್ಲಿ ಬೆರಳು ಮೇಲೆಕೆಳಗೆ ಹೋಗಿ ಬರುತ್ತದೆ, ಮಣಿಕಟ್ಟು ಕದಲುವುದಿಲ್ಲ. ವಾದ್ಯದಲ್ಲಿ ಇಡೀ ಕೈಯೇ ಪ್ರಯಾಣ ಹೊರಡಬೇಕು. ಆ ಪ್ರಯಾಣದ ಕೀಲು ಹೆಬ್ಬೆರಳು.

ನನ್ನ ಹೆಬ್ಬೆರಳಿಗೆ ಗೊತ್ತಿದ್ದದ್ದು ಒಂದೇ ಕೆಲಸ, ಪದ ಮುಗಿದಾಗ ಜಾಗ ಬಿಡುವುದು. ಪಾಠಗಳಲ್ಲಿ ತೋರುಬೆರಳನ್ನು ಒಂದನೇ ಬೆರಳು ಎಂದು ಎಣಿಸಿ ರೂಢಿಯಾಗಿದ್ದವನಿಗೆ ಇಲ್ಲಿ ಹೆಬ್ಬೆರಳೇ ಒಂದು ಎಂಬುದೇ ಕಸಿವಿಸಿ. ಆದರೆ ಇದು ನನ್ನೊಬ್ಬನ ಕಷ್ಟವಲ್ಲ. ಇಂಗ್ಲೆಂಡಿನ ಹಳೆಯ ಪಿಯಾನೊ ಪುಸ್ತಕಗಳು ಹೆಬ್ಬೆರಳಿಗೆ ಅಂಕಿ ಕೊಡದೆ ಅಡ್ಡಗುರುತು ಹಾಕಿ, ತೋರುಬೆರಳಿನಿಂದಲೇ ಒಂದು ಎಣಿಸುತ್ತಿದ್ದವು. ಜರ್ಮನಿಯ ಸಿ. ಪಿ. ಇ. ಬಾಖ್ 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತನ್ನ ತಂದೆಯ ನೆನಪೊಂದನ್ನು ದಾಖಲಿಸಿದ್ದಾನೆ. ತಂದೆ ಚಿಕ್ಕವರಿದ್ದಾಗ ಕೇಳಿದ ದೊಡ್ಡ ದೊಡ್ಡ ವಾದಕರು ದೂರದ ಸ್ವರ ಹಿಡಿಯಲು ಬಿಟ್ಟರೆ ಹೆಬ್ಬೆರಳನ್ನು ಬಳಸುತ್ತಿರಲೇ ಇಲ್ಲವಂತೆ. ಆ ತಂದೆ ಯೊಹಾನ್ ಸೆಬಾಸ್ಟಿಯನ್ ಬಾಖ್. ಹೆಬ್ಬೆರಳನ್ನು ಕೆಲಸಕ್ಕೆ ಹಚ್ಚಿದವರ ಪೈಕಿ ಅವರ ಹೆಸರು ಮುಖ್ಯ.

ಆ ಪಾಠವನ್ನು ನನಗೆ ಸುಲಭ ಮಾಡಿಕೊಟ್ಟದ್ದು ನಮ್ಮದೇ ಸರಳೆ ವರಸೆ. ಕರ್ನಾಟಕ ಸಂಗೀತದ ಮೊದಲ ಪಾಠ ಮಾಯಾಮಾಳವಗೌಳದಲ್ಲಿ. ಹಾಗೆ ಇಟ್ಟವರು ಪುರಂದರದಾಸರು ಎಂಬುದು ಪರಂಪರೆಯ ನಂಬಿಕೆ. ಬಿಳಿ ಒಂದನ್ನು ಷಡ್ಜ ಮಾಡಿಕೊಂಡು ಈ ರಾಗವನ್ನು ಕೀಬೋರ್ಡಿನ ಮೇಲೆ ಹರಡಿ ನೋಡಿ. ಸ ಬಿಳಿ, ರಿ ಕರಿ, ಗ ಬಿಳಿ, ಮ ಬಿಳಿ. ಮುಂದೆ ಪ ಬಿಳಿ, ದ ಕರಿ, ನಿ ಬಿಳಿ, ಸ ಬಿಳಿ. ಅದೇ ಆಕಾರ ಎರಡು ಸಲ! ಸ್ವರಗಳ ನಡುವಿನ ಅಂತರವೂ ಒಂದೇ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳು ಸರಿಗಮ ಮುಗಿಸುತ್ತಿದ್ದಂತೆ ಹೆಬ್ಬೆರಳು ಅಂಗೈಯಡಿ ನುಸುಳಿ ಪಂಚಮ ಹಿಡಿಯಬೇಕು. ಉಳಿದ ಮೂರು ಹಿಂದೆಯೇ ಬಂದು ದನಿಸ ಮುಗಿಸುತ್ತವೆ. ಇಳಿಯುವಾಗ ಹೆಬ್ಬೆರಳು ಪಂಚಮದಲ್ಲಿ ನಿಂತಿರುವಂತೆ ಉಂಗುರಬೆರಳು ಅದರ ಮೇಲಿಂದ ದಾಟಿ ಮಧ್ಯಮಕ್ಕೆ ಇಳಿಯುತ್ತದೆ. ಟೈಪಿಸ್ಟನ ಕೈಗೆ ನಾಲ್ಕರ ಗುಂಪು ಜನ್ಮದ ಗೆಳೆಯ. ಬೆರಳಚ್ಚು ಶಾಲೆಯಲ್ಲಿ ಮೊದಲ ವಾರವಿಡೀ ಹೊಡೆದದ್ದೇ ಎಡಗೈಗೆ ಎ ಎಸ್ ಡಿ ಎಫ್, ಬಲಗೈಗೆ ಅರ್ಧವಿರಾಮ ಎಲ್ ಕೆ ಜೆ. ಪಾಶ್ಚಾತ್ಯ ಪಾಠಪುಸ್ತಕದಲ್ಲಿ ಮೂರು ಮತ್ತು ಐದರ ಹಂಚಿಕೆಯಲ್ಲಿ ತಡವರಿಸುತ್ತಿದ್ದ ನನ್ನ ಕೈ ಮಾಯಾಮಾಳವಗೌಳದಲ್ಲಿ ಒಂದೇ ವಾರಕ್ಕೆ ದಾರಿ ಹಿಡಿಯಿತು. ಟೈಪಿಂಗ್ ಬಲ್ಲ ಕನ್ನಡಿಗರು ಇಲ್ಲಿಂದಲೇ ಶುರುಮಾಡಲಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಎರಡು ಕೈಗಳ ವಿಚಾರ ಮಾತ್ರ ಅಷ್ಟು ಬೇಗ ಬಗೆಹರಿಯುವುದಿಲ್ಲ. ಟೈಪಿಂಗಿನಲ್ಲಿ ಎರಡು ಕೈ ಸೇರಿ ನೇಯುವುದು ಒಂದೇ ಎಳೆ. ಎಡದ್ದು ಒಂದು ಅಕ್ಷರ, ಬಲದ್ದು ಒಂದು ಅಕ್ಷರ, ಸರದಿಯಂತೆ. ಕೀಬೋರ್ಡಿನಲ್ಲಿ ಬಲಗೈ ಹಾಡಿದರೆ ಎಡಗೈ ಬೇರೆ ಕಾಲದಲ್ಲಿ ಬೇರೆ ಕೆಲಸ ಮಾಡಬೇಕು. ಹಾರ್ಮೋನಿಯಂ ಈ ವಿಷಯದಲ್ಲಿ ಕರುಣಾಳು. ಎಡಗೈಗೆ ತಿದಿ ಒತ್ತುವ ಕೆಲಸ ಕೊಟ್ಟು ರಾಗವನ್ನು ಬಲಗೈಗೆ ಬಿಡುತ್ತದೆ. ಒಂದಕ್ಕಿಂತ ಹೆಚ್ಚು ಕೀಲಿ ಸೇರಿ ಒಂದು ನಾದವಾಗುತ್ತದೆ ಎಂಬ ಮಾತು ಇಂಗ್ಲಿಷ್ ಟೈಪಿಸ್ಟನಿಗೆ ಹೊಸದು, ಕನ್ನಡ ಟೈಪಿಸ್ಟನಿಗಲ್ಲ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸದಲ್ಲಿ 'ಸ್ತ್ರೀ' ಎಂಬ ಒಂದು ಅಕ್ಷರಕ್ಕೆ ಆರು ಕೀಲಿ ಬೇಕು. ಸ, ಒತ್ತಕ್ಷರ ಬೆಸೆಯುವ ಕೊಂಡಿ, ತ, ಮತ್ತೆ ಕೊಂಡಿ, ರ, ದೀರ್ಘ. ಅಲ್ಲಿ ಒಂದರ ಹಿಂದೆ ಒಂದು, ಇಲ್ಲಿ ಸ್ವರಮೇಳದ ಮೂರೂ ಮನೆ ಒಟ್ಟಿಗೆ. ಕೂಡಿಸಿ ಒಂದು ಮಾಡುವ ಮನಸ್ಸು ಮಾತ್ರ ಆಗಲೇ ತಯಾರಿರುತ್ತದೆ.

ಈಗ ನನಗೆ ಬಹಳ ಮುಖ್ಯವೆನಿಸಿದ ವಿಷಯಕ್ಕೆ ಬರುತ್ತೇನೆ. ಕೀಲಿ ಏನನ್ನು ಕೇಳಿಸಿಕೊಳ್ಳುತ್ತದೆ?

ಕಂಪ್ಯೂಟರಿನ ಕೀಲಿ ಕೇಳಿಸಿಕೊಳ್ಳುವುದು ಒಂದೇ ಸಂಗತಿ, ಯಾವುದನ್ನು ಒತ್ತಿದಿರಿ ಎಂಬುದು. ಮೆಲ್ಲಗೆ ಒತ್ತಿದರೂ ಗುದ್ದಿದರೂ ಮೂಡುವುದು ಅದೇ ಅಕ್ಷರ. ಬೆರಳನ್ನು ಈಗ ಎತ್ತಿದರೂ ಚೂರು ತಡೆದು ಎತ್ತಿದರೂ ಅದೇ ಅಕ್ಷರ. ಇನ್ನು ಸಂಗೀತದ ಕೀಲಿಗಳಿಗೆ ಬರೋಣ. ಮಸ್ಕತ್ತಿನ ರಾಯಲ್ ಒಪೆರಾ ಹೌಸಿನಲ್ಲಿ ಒಂದು ಬೃಹತ್ ಪೈಪ್ ಆರ್ಗನ್ ಇದೆ. ಜರ್ಮನಿಯ ಬಾನ್ ನಗರದ ಕ್ಲೈಸ್ ಸಂಸ್ಥೆ ಕಟ್ಟಿದ್ದು, ಕೊಳವೆಗಳೇ ನಾಲ್ಕು ಸಾವಿರಕ್ಕೂ ಹೆಚ್ಚು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು, ಅದರಲ್ಲೂ ಆರ್ಗನ್ನಿನ ನಾದವನ್ನು ಮನಸಾರೆ ಮೆಚ್ಚಿದ್ದ ಸುಲ್ತಾನ್ ಕಾಬೂಸ್ ಈ ನೆಲಕ್ಕೆ ಕೊಟ್ಟ ಉಡುಗೊರೆ ಆ ರಂಗಮಂದಿರ. ಅದು ತೆರೆದದ್ದು 2011ರ ಅಕ್ಟೋಬರಿನಲ್ಲಿ. ಆರ್ಗನ್ನಿನ ಕೀಲಿಯೂ ಒತ್ತಿದ ಬಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದೊಂದು ಬಾಗಿಲು, ತೆರೆದರೆ ಗಾಳಿ ಕೊಳವೆಗೆ ನುಗ್ಗುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಆದರೆ ಟೈಪಿಂಗ್ ಕೇಳಿಸಿಕೊಳ್ಳದ ಒಂದನ್ನು ಅದು ಕೇಳಿಸಿಕೊಳ್ಳುತ್ತದೆ. ಬೆರಳನ್ನು ಯಾವಾಗ ಎತ್ತಿದಿರಿ ಎಂಬುದು. 1840ರ ದಶಕದಲ್ಲಿ ಪ್ಯಾರಿಸಿನ ಅಲೆಕ್ಸಾಂದ್ರ್ ದೆಬೇನ್ ಪೇಟೆಂಟ್ ಪಡೆದು, ಆಮೇಲೆ ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷರ ಕೈಯಲ್ಲಿ ನೆಲದ ಮೇಲೆ ಕುಳಿತು ನುಡಿಸುವ ಪೆಟ್ಟಿಗೆಯಾದ ನಮ್ಮ ಹಾರ್ಮೋನಿಯಂ ಕೂಡ ಇದೇ ಜಾತಿ. ದನಿಯ ಏರಿಳಿತ ತಿದಿಯ ಕೈಯಲ್ಲಿ, ಸ್ವರದ ಉದ್ದ ಬೆರಳ ಕೈಯಲ್ಲಿ. ಪಿಯಾನೊ ಇನ್ನೂ ಒಂದು ಹೆಜ್ಜೆ ಮುಂದೆ, ಎಷ್ಟು ಬಲವಾಗಿ ಒತ್ತಿದಿರಿ ಎಂಬುದನ್ನೂ ಕೇಳುತ್ತದೆ. ಈಗಿನ ಎಲೆಕ್ಟ್ರಾನಿಕ್ ಕೀಬೋರ್ಡ್ ಅದನ್ನು ತಿಳಿಯುವ ಉಪಾಯ ಸೊಗಸಾಗಿದೆ. ಪ್ರತಿ ಮನೆಯಡಿ ಎರಡು ಸಂಪರ್ಕಬಿಂದುಗಳಿರುತ್ತವೆ. ಮೊದಲನೆಯದು ಮುಟ್ಟಿದ ಮೇಲೆ ಎರಡನೆಯದು ಮುಟ್ಟಲು ಹಿಡಿದ ಕಾಲವನ್ನು ಅಳೆದು, ಬೇಗ ಮುಟ್ಟಿದರೆ ಜೋರು, ತಡವಾದರೆ ಮೆಲು ಎಂದು ಲೆಕ್ಕ ಹಾಕುತ್ತದೆ. ಎಲೆಕ್ಟ್ರಾನಿಕ್ ವಾದ್ಯಗಳನ್ನು ಬೆಸೆಯುವ, 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಈ ಬಲಕ್ಕೆ 1ರಿಂದ 127ರವರೆಗೆ ಅಂಕಿಗಳಿವೆ.

ಹಾಗಾದರೆ ಟೈಪಿಸ್ಟ್ ಹಾರ್ಮೋನಿಯಂನಿಂದ ಹೊರಟು ಪಿಯಾನೊ ಕಡೆಗೆ ಹೋಗುವುದು ಸಹಜವಾದ ಮೆಟ್ಟಿಲು. ಆದರೆ ಟೈಪಿಸ್ಟರಲ್ಲೂ ಎರಡು ತಲೆಮಾರುಗಳಿವೆ. ಮಗಳು ಮತ್ತು ನಾನು ಒಂದೇ ವರಸೆಯನ್ನು ನುಡಿಸಿದಾಗ ಟೀಚರ್ ತೋರಿಸಿದ ತಪ್ಪುಗಳು ತದ್ವಿರುದ್ಧವಾಗಿದ್ದವು. ನನ್ನ ಸ್ವರಗಳು ಕತ್ತರಿಸಿ ಇಟ್ಟಂತೆ ತುಂಡುತುಂಡು. ಅವಳ ಸ್ವರಗಳು ಒಂದರ ಮೈಮೇಲೆ ಒಂದು ಬಿದ್ದು ಕಲಸಿಹೋದಂತೆ. ಕಾರಣ ಹೊಳೆದದ್ದು ಆಮೇಲೆ. ನಾನು ಕಲಿತದ್ದು ರೆಮಿಂಗ್ಟನ್ ಯಂತ್ರದ ಮೇಲೆ. ಒಂದು ಅಚ್ಚಿನ ಕಡ್ಡಿ ಹಿಂದಿರುಗುವ ಮೊದಲೇ ಇನ್ನೊಂದನ್ನು ಹೊಡೆದರೆ ಎರಡೂ ಗಾಳಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಹಾಗಾಗಿ ಹೊಡೆ, ತಕ್ಷಣ ಬಿಡು ಎಂಬುದೇ ನಿಯಮ. ಲೆರಾಯ್ ಆಂಡರ್ಸನ್ 1950ರಲ್ಲಿ ಟೈಪ್‌ರೈಟರನ್ನೇ ವಾದ್ಯವಾಗಿಸಿ ವಾದ್ಯವೃಂದಕ್ಕೆ ಕೃತಿ ಬರೆದಾಗಲೂ ಇದೇ ಭಯಕ್ಕೆ ಯಂತ್ರದಲ್ಲಿ ಎರಡೇ ಕೀಲಿ ಕೆಲಸ ಮಾಡುವಂತೆ ಇಟ್ಟುಕೊಂಡರು. ಮಗಳು ಕಲಿತದ್ದು ಲ್ಯಾಪ್‌ಟಾಪಿನಲ್ಲಿ. ಅಲ್ಲಿ ಕಡ್ಡಿಯಿಲ್ಲ, ಸಿಕ್ಕಿಕೊಳ್ಳುವ ಭಯವಿಲ್ಲ. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಂಶೋಧಕರು ಜೊತೆಗಾರರೊಡನೆ 1,68,000 ಜನರ ಟೈಪಿಂಗನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅತಿ ವೇಗದ ಟೈಪಿಸ್ಟರ ಗುಟ್ಟೇ ಹಿಂದಿನ ಕೀಲಿ ಬಿಡುವ ಮೊದಲು ಮುಂದಿನದನ್ನು ಒತ್ತುವುದು. ಆ ಜಾಣತನವನ್ನೇ ಹಾರ್ಮೋನಿಯಂ ಮೇಲೆ ತಂದರೆ ರಿಷಭ ಗಾಂಧಾರಗಳು ಜೊತೆಯಾಗಿ ಅಪಸ್ವರ. ಆದ್ದರಿಂದ ಕಲಿಯುವವರು ಮೊದಲು ತಾವು ಯಾವ ಯಂತ್ರದ ಮಕ್ಕಳು ಎಂದು ಕೇಳಿಕೊಳ್ಳಬೇಕು. ಯಂತ್ರದವರು ಬೆರಳನ್ನು ತಡೆದು ನಿಲ್ಲಿಸುವುದನ್ನು ಕಲಿಯಲಿ, ಲ್ಯಾಪ್‌ಟಾಪಿನವರು ಸರಿಯಾದ ಕ್ಷಣಕ್ಕೆ ಎತ್ತುವುದನ್ನು.

ಬಲದ ವಿಷಯದಲ್ಲಿ ಮಾತ್ರ ಹಳೆಯ ಯಂತ್ರ ಕಲಿಸಿದ್ದನ್ನು ಯಾವ ಲ್ಯಾಪ್‌ಟಾಪೂ ಕಲಿಸದು. ನಮ್ಮ ಬೆರಳಚ್ಚು ಶಾಲೆಯ ಮಾಸ್ಟ್ರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಕಿರುಬೆರಳಿನ 'ಎ' ಮಸುಕಾಗಿದ್ದರೆ, ತೋರುಬೆರಳಿನ ಅಕ್ಷರ ಕಪ್ಪಾಗಿದ್ದರೆ ಹಾಳೆ ವಾಪಸ್. ಪೂರ್ಣವಿರಾಮ ಜೋರಾಗಿ ಹೊಡೆದು ಕಾಗದ ತೂತಾದರೂ ವಾಪಸ್. ಮಸ್ಕತ್ತಿಗೆ ಬಂದ ಮೇಲೆ ಕಾರ್ಬನ್ ಇಟ್ಟು ನಾಲ್ಕು ಪ್ರತಿ ತೆಗೆಯಬೇಕಿತ್ತು. ಕೊನೆಯ ಪ್ರತಿಯೂ ಓದುವಂತಿರಬೇಕು, ಮೊದಲನೆಯದು ಹರಿಯಲೂಬಾರದು. ಎಲ್ಲ ಬೆರಳಿಗೂ ಸಮನಾದ ಭಾರ, ಬೇಕೆಂದಾಗ ಹೆಚ್ಚು, ಬೇಕೆಂದಾಗ ಕಡಿಮೆ. ಪಿಯಾನೊ ಕಲಿಸುವವರು ವರ್ಷಗಟ್ಟಲೆ ಹೇಳುವುದು ಇದನ್ನೇ ಅಲ್ಲವೇ? ಪಿಯಾನೊ ಮನೆ ಒಂದು ಸೆಂಟಿಮೀಟರಿನಷ್ಟು ಆಳಕ್ಕೆ ಇಳಿಯುತ್ತದೆ, ಲ್ಯಾಪ್‌ಟಾಪಿನ ಕೀಲಿ ಒಂದೆರಡು ಮಿಲಿಮೀಟರ್. ಆ ಆಳದ ಪರಿಚಯ ಇರುವುದು ಹಳಬರಿಗೇ. ಕೈ ಹಳೆಯದಾಯಿತು ಎಂದು ಹಿಂಜರಿಯುವ ನಿವೃತ್ತ ಟೈಪಿಸ್ಟರಿಗೆ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ. ನಿಮ್ಮ ಬೆರಳಲ್ಲಿ ಭಾರದ ಅರಿವಿದೆ, ಅದು ಎಲ್ಲೂ ಹೋಗಿಲ್ಲ.

ವೇಗದ ಬಗ್ಗೆ ಟೈಪಿಸ್ಟ್ ಚಿಂತಿಸಬೇಕಿಲ್ಲ. ಲೆಕ್ಕ ಹೀಗಿದೆ. ಆದಿತಾಳದ ಎಂಟು ಎಣಿಕೆಗೆ ಮೊದಲ ಕಾಲದಲ್ಲಿ ಎಂಟು ಸ್ವರ, ಎರಡನೇ ಕಾಲದಲ್ಲಿ ಹದಿನಾರು, ಮೂರನೇ ಕಾಲದಲ್ಲಿ ಮೂವತ್ತೆರಡು. ಸೆಕೆಂಡಿಗೊಂದು ಎಣಿಕೆ ಇಟ್ಟುಕೊಂಡರೆ ಮೂರನೇ ಕಾಲವೆಂದರೆ ನಿಮಿಷಕ್ಕೆ 240 ಸ್ವರ. ಐದು ಹೊಡೆತಕ್ಕೆ ಒಂದು ಪದವೆಂಬ ಟೈಪಿಂಗ್ ಲೆಕ್ಕದಲ್ಲಿ ಇದು 48 ಪದ. ಸಾಧಾರಣ ಟೈಪಿಸ್ಟನಿಗೂ ಸಾಧ್ಯವಿರುವ ವೇಗ. ಹಿಮ್ಮುಖವಾಗಿಯೂ ಪ್ರಯೋಗ ನಡೆದಿದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಅನ್ನಾ ಮರಿಯಾ ಫೈಟ್ ಮತ್ತು ಆಂಟಿ ಔಲಸ್ವಿರ್ತಾ 2014ರಲ್ಲಿ ಪಿಯಾನೊ ಮನೆಗಳಿಗೆ ಅಕ್ಷರಗಳನ್ನು ಹಂಚಿ, ಪದೇಪದೇ ಜೊತೆ ಬರುವ ಅಕ್ಷರಗಳನ್ನು ಸ್ವರಮೇಳಗಳಾಗಿ ಇಟ್ಟರು. ಪಿಯಾನೊ ಬಲ್ಲವರು ಹಾಗೆ ನುಡಿಸುತ್ತ ನಿಮಿಷಕ್ಕೆ 80 ಪದ ಬರೆದರು.

ಆದರೂ ಮೂರನೇ ಕಾಲದಲ್ಲಿ ನಾನು ಮುಗ್ಗರಿಸಿದೆ, ತಿಂಗಳುಗಟ್ಟಲೆ ಮುಗ್ಗರಿಸಿದೆ. ಏಕೆಂದರೆ ಟೈಪಿಂಗಿನ ನಿಮಿಷಕ್ಕೆ 240 ಎಂಬುದು ಸರಾಸರಿ. ಪರಿಚಿತ ಪದ ಬಂದಾಗ ಬೆರಳು ಸುರಿಮಳೆ, ಅಪರಿಚಿತ ಹೆಸರು ಬಂದಾಗ ತಡಕಾಟ. ಕೊನೆಗೆ ಎಣಿಸುವವರು ಒಟ್ಟು ಲೆಕ್ಕವನ್ನಷ್ಟೇ ನೋಡುತ್ತಾರೆ. ತಾಳ ಹಾಗಲ್ಲ, ಅದು ಪ್ರತಿ ಹೊಡೆತವನ್ನೂ ಬಾಗಿಲಲ್ಲೇ ನಿಲ್ಲಿಸಿ ಹೊತ್ತು ಕೇಳುತ್ತದೆ.

ಇದು ನನಗೆ ನಿಜವಾಗಿ ಅರ್ಥವಾದದ್ದು ಒಂದು ಚಿಹ್ನೆಯಿಂದ. ಟೀಚರ್ ಕೊಟ್ಟ ಸ್ವರಲಿಪಿಯ ಪುಸ್ತಕದಲ್ಲಿ ಸ್ವರಗಳ ನಡುವೆ ಅಲ್ಲಲ್ಲಿ ಅಲ್ಪವಿರಾಮ, ಅರ್ಧವಿರಾಮಗಳಿದ್ದವು. ಅರ್ಧವಿರಾಮ ಬಂದಲ್ಲೆಲ್ಲ ನನ್ನ ಬಲಗೈಯ ಕಿರುಬೆರಳು ತನಗೇ ತಿಳಿಯದೆ ಅದುರುತ್ತಿತ್ತು, ಅದು ಅದರ ಹುಟ್ಟುಮನೆಯ ಕೀಲಿ. ನಮ್ಮ ಸ್ವರಲಿಪಿಯಲ್ಲಿ ಅಲ್ಪವಿರಾಮವೆಂದರೆ ಸ್ವರವನ್ನು ಇನ್ನೊಂದು ಅಕ್ಷರಕಾಲ ಹಿಡಿದಿಡು ಎಂದು ಅರ್ಥ, ಅರ್ಧವಿರಾಮವೆಂದರೆ ಎರಡು ಅಕ್ಷರಕಾಲ. ಮೂವತ್ತು ವರ್ಷ ಅರ್ಧವಿರಾಮ ನನಗೊಂದು ಹೊಡೆತವಾಗಿತ್ತು. ಇಲ್ಲಿ ಅದು ಹೊಡೆಯದೆ ಇರುವ ಹೊತ್ತು, ಬೆರಳು ಮನೆಯ ಮೇಲೇ ಕುಳಿತು ಕೇಳುವ ಹೊತ್ತು. ಟೈಪಿಂಗಿನಲ್ಲಿ ಹೊಡೆತಗಳ ನಡುವಿನ ಕಾಲಕ್ಕೆ ಬೆಲೆಯಿಲ್ಲ, ಅದು ಕಡಿಮೆಯಾದಷ್ಟೂ ಒಳ್ಳೆಯದು. ಸಂಗೀತ ಇರುವುದೇ ಆ ನಡುವೆ. ಅಂದಿನಿಂದ ಅಭ್ಯಾಸದ ಕ್ರಮ ಬದಲಿಸಿದೆ. ಬಾಯಲ್ಲಿ ಸ್ವರ, ಎಡಗೈಯಲ್ಲಿ ತಾಳ, ಬಲಗೈಯಲ್ಲಿ ಒಂದೇ ಬೆರಳು. ಹಾಡದ ಸ್ವರವನ್ನು ನುಡಿಸುವುದಿಲ್ಲ ಎಂಬ ನಿಯಮ. ಇಂಗ್ಲಿಷ್ ಪತ್ರಗಳನ್ನು ಅರ್ಥಕ್ಕೆ ಗಮನ ಕೊಡದೆ ಕಣ್ಣಿನಿಂದ ಬೆರಳಿಗೆ ದಾಟಿಸಿದ ನಮ್ಮಂಥವರಿಗೆ ಕಿವಿಯನ್ನು ನಡುವೆ ಕೂರಿಸಲು ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಅಳಿಸುವ ಕೀಲಿಯ ಚಟವನ್ನೂ ಬಿಡಬೇಕು. ತಪ್ಪಿದ ಕೂಡಲೇ ನಿಂತು ಹಿಂದೆ ಹೋಗಿ ತಿದ್ದುವುದು ಕಂಪ್ಯೂಟರ್ ಕಲಿಸಿದ ಪಾಠ. ವಾದ್ಯದ ಮೇಲೆ ಹಾಗೆ ಮಾಡಿದರೆ ಬೆರಳು ಕಲಿಯುವುದು ಸರಿಯಾದ ಸ್ವರವನ್ನಲ್ಲ. ತಪ್ಪು, ನಿಲುಗಡೆ, ತಿದ್ದುಪಡಿ ಮೂರನ್ನೂ ಸೇರಿಸಿ ಒಂದು ಹೊಸ ವರಸೆಯನ್ನೇ ಕಲಿತುಬಿಡುತ್ತದೆ. ತಪ್ಪಿದರೂ ತಾಳ ಬಿಡದೆ ಮುಂದೆ ಹೋಗಬೇಕು, ಆಮೇಲೆ ಆ ನಾಲ್ಕು ಸ್ವರಗಳನ್ನಷ್ಟೇ ಬೇರೆ ತೆಗೆದು ನಿಧಾನವಾಗಿ ತಿದ್ದಿಕೊಳ್ಳಬೇಕು.

ಕೀಲಿಯಿಂದ ಸಿಗದ ಸ್ವರಗಳ ವಿಷಯವನ್ನೂ ಹೇಳಬೇಕು. ತೋಡಿ ರಾಗದ ಗಾಂಧಾರ ಒಂದು ಮನೆಯಲ್ಲಿ ನಿಲ್ಲುವುದಿಲ್ಲ, ತೂಗುತ್ತದೆ. ಸ್ವರಗಳ ನಡುವೆ ಜಾರಲಾರದ ಪೆಟ್ಟಿಗೆ ಎಂಬ ಆಕ್ಷೇಪದಿಂದ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರ ಇಟ್ಟಿತ್ತು. ಅದೇ ಪೆಟ್ಟಿಗೆಯನ್ನು ಬದುಕಿಡೀ ಹಾಡಿಸಿದ ಬೆಳಗಾವಿಯ ರಾಮಭಾವು ಬಿಜಾಪುರೆ ಅವರಂಥವರೂ ನಮ್ಮಲ್ಲಿದ್ದರು. ಅರಬರಿಗೂ ಇದೇ ಕೊರಗು. ಅವರ ರಾಸ್ತ್ ಮಕಾಮಿನ ಮೂರನೇ ಸ್ವರ ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಇದೆ, ಯಾವ ಮನೆಯಲ್ಲೂ ಇಲ್ಲ. ಮೆಟ್ಟಿಲುಗಳಿಲ್ಲದ ಊದ್ ವಾದ್ಯದಲ್ಲಿ ಬೆರಳು ಅದನ್ನು ಹುಡುಕಿಕೊಳ್ಳುತ್ತದೆ. ಕೀಬೋರ್ಡಿನಲ್ಲಿ ಏನು ಮಾಡುವುದು? ಅರಬ್ ನಾಡುಗಳ ಮಾರುಕಟ್ಟೆಗೆಂದೇ ಯಮಾಹದಂಥ ಕಂಪನಿಗಳು 'ಓರಿಯಂಟಲ್' ಮಾದರಿಗಳನ್ನು ತಯಾರಿಸುತ್ತವೆ, ಒಂದು ಗುಂಡಿ ಒತ್ತಿದರೆ ಬೇಕಾದ ಸ್ವರ ಕಾಲು ಸ್ವರದಷ್ಟು ತಗ್ಗುತ್ತದೆ. ನಾನು ಕೊಂಡದ್ದೂ ಅಂಥದ್ದೇ. ಜೊತೆಗೆ ಎಡತುದಿಯಲ್ಲಿ ಸ್ವರವನ್ನು ಬಾಗಿಸುವ ಚಕ್ರವಿದೆ. ಬಲಗೈ ಮನೆ ಹಿಡಿದಿರುವಾಗ ಎಡಗೈ ಆ ಚಕ್ರವನ್ನು ತೂಗಿಸಿ ಗಮಕ ತರಬೇಕು. ಲ್ಯಾಟಿನ್ ಲಿಪಿಗೆಂದು ಹುಟ್ಟಿದ ಟೈಪ್‌ರೈಟರಿಗೆ ಒತ್ತಕ್ಷರ, ಕೊಂಬು, ದೀರ್ಘಗಳನ್ನು ಕಲಿಸಿ ಕನ್ನಡ ಬರೆಸಿದ ಅನಂತಸುಬ್ಬರಾಯರ ನೆನಪು ನನಗೆ ಇಲ್ಲಿ ಆಗುತ್ತದೆ. ಯಂತ್ರ ಅವರದು, ಅಕ್ಷರ ನಮ್ಮದು, ನಡುವಿನ ದುಡಿಮೆ ಬಲು ದೊಡ್ಡದು.

ಅಭ್ಯಾಸ ಎಷ್ಟು ಹೊತ್ತು? ದಿನವಿಡೀ ಕೀಲಿ ಒತ್ತಿದ ಸ್ನಾಯುಗಳೇ ರಾತ್ರಿ ಸ್ವರವನ್ನೂ ಒತ್ತಬೇಕು. ಆದ್ದರಿಂದ ಇಪ್ಪತ್ತು ನಿಮಿಷ ಸಾಕು. ಮಣಿಕಟ್ಟನ್ನು ಮೇಜಿಗೆ ಆನಿಸುವ ಕಚೇರಿಯ ಅಭ್ಯಾಸ ಇಲ್ಲಿ ಬೇಡ, ಮೊಣಕೈ ಮನೆಗಳ ಮಟ್ಟಕ್ಕಿರಲಿ, ನೋವು ಬಂದರೆ ನಿಲ್ಲಿಸಿ. ಮಲಗುವ ಮುನ್ನ ನುಡಿಸಿದರೆ ಲಾಭವಿದೆ. ಹಾರ್ವರ್ಡಿನಲ್ಲಿದ್ದ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2002ರಲ್ಲಿ ಜನರಿಗೆ ಕಂಪ್ಯೂಟರ್ ಕೀಲಿಗಳ ಮೇಲೆ ನಾಲ್ಕು, ಒಂದು, ಮೂರು, ಎರಡು, ನಾಲ್ಕು ಎಂಬ ಕ್ರಮವನ್ನು ಎಡಗೈಯಲ್ಲಿ ಒತ್ತಲು ಕಲಿಸಿದರು. ಒಂದು ರಾತ್ರಿಯ ನಿದ್ದೆಯ ನಂತರ, ಮತ್ತೆ ಅಭ್ಯಾಸವಿಲ್ಲದೆಯೇ, ವೇಗ ಸುಮಾರು ಶೇ. 20ರಷ್ಟು ಹೆಚ್ಚಿತ್ತು. ಅಷ್ಟೇ ಹೊತ್ತು ಎಚ್ಚರವಿದ್ದವರಲ್ಲಿ ಆ ಏರಿಕೆ ಇರಲಿಲ್ಲ. ಗೋಡೆಗೆ ಗೋಡೆ ತಾಗಿದ ಮಸ್ಕತ್ತಿನ ಫ್ಲ್ಯಾಟುಗಳಲ್ಲಿ ರಾತ್ರಿ ಹತ್ತರ ಮೇಲೆ ಹಾರ್ಮೋನಿಯಂ ತೆಗೆಯುವಂತಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಾನು ಸರಳೆ ನುಡಿಸುವಾಗ ಹೊರಗೆ ಕೇಳುವುದು ಬರೀ ಪ್ಲಾಸ್ಟಿಕ್ಕಿನ ಟಕಟಕ. ಮನೆಯವಳು ಇನ್ನೂ ಆಫೀಸ್ ಕೆಲಸ ಮುಗಿಯಲಿಲ್ಲವಾ ಎಂದು ಒಳಗಿನಿಂದ ಕೇಳುತ್ತಾಳೆ.

ಬೇರೆ ಕೆಲಸದಿಂದ ಸಂಗೀತಕ್ಕೆ ಬಂದ ಬೆರಳುಗಳು ನನ್ನವಷ್ಟೇ ಅಲ್ಲ. 1985ರಲ್ಲಿ ಇಲ್ಲಿನ ರಾಯಲ್ ಒಮಾನ್ ಸಿಂಫನಿ ವಾದ್ಯವೃಂದ ಶುರುವಾದಾಗ, ಅದಕ್ಕೆ ಆರಿಸಿದ್ದು ಪಾಶ್ಚಾತ್ಯ ವಾದ್ಯವನ್ನು ಎಂದೂ ಕೈಯಲ್ಲಿ ಹಿಡಿಯದ ಒಮಾನಿ ಮಕ್ಕಳನ್ನು. ಅವರಿಗೆ ಮೊದಲ ಪಾಠದಿಂದಲೇ ಕಲಿಸಿದರು. ಆಗ ಮಕ್ಕಳಾಗಿದ್ದವರಿಗೆ ಈಗ ಹೆಚ್ಚುಕಡಿಮೆ ನನ್ನ ವಯಸ್ಸು. ಒಪೆರಾ ಹೌಸಿನ ಮುಂದೆ ಹಾದುಹೋಗುವಾಗೆಲ್ಲ ಅವರ ಮೊದಲ ವಾರವನ್ನು ಊಹಿಸಿಕೊಳ್ಳುತ್ತೇನೆ. ಅವರ ಬೆರಳುಗಳು ಆವರೆಗೆ ಏನು ಮಾಡಿಕೊಂಡಿದ್ದವೋ, ಹಗ್ಗ ಹೆಣೆಯುತ್ತಿದ್ದವೋ, ಬಲೆ ಬಿಡಿಸುತ್ತಿದ್ದವೋ.

ಹೋದ ತಿಂಗಳು ಒಂದು ಶುಕ್ರವಾರ ಸಂಜೆ ಭಜನೆಗೆ ಮೊದಲ ಸಲ ಪೆಟ್ಟಿಗೆಯ ಮುಂದೆ ಕುಳಿತೆ. ಊರಿಗೆ ಹೋದ ಹಿರಿಯರು ಅದನ್ನು ನಮಗೇ ಬಿಟ್ಟುಹೋಗಿದ್ದರು. ಮನೆಗಳ ಮೇಲೆ ಅವರ ಬೆರಳು ಸವೆಸಿದ ಗುಳಿಗಳು ಹಾಗೆಯೇ ಇದ್ದವು. ಮೂರನೇ ಹಾಡಿನ ಕೊನೆಯಲ್ಲಿ ಹಾಡುವವರು ತಾರ ಷಡ್ಜಕ್ಕೆ ಏರಿ ಅಲ್ಲಿಯೇ ನಿಂತರು. ಅಭ್ಯಾಸದಲ್ಲಿ ಇಷ್ಟು ಹೊತ್ತು ನಿಂತಿರಲಿಲ್ಲ. ಆ ಸ್ವರ ನನ್ನ ಬಲಗೈಯ ಕಿರುಬೆರಳಿನ ಕೆಳಗಿತ್ತು. ತಾಳದವರು ನನ್ನನ್ನೇ ನೋಡುತ್ತಿದ್ದರು. ಎಡಗೈ ತಿದಿಯನ್ನು ಮೆಲ್ಲಗೆ ಒತ್ತುತ್ತ ಹೋಯಿತು. ಅರ್ಧವಿರಾಮದ ಬೆರಳು ಕದಲಲಿಲ್ಲ.